ಸಂಘದ ಸಾಲ, ಮನೆಯ ಬಂದೂಕು

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ಸಭೆಯಲ್ಲಿ ಹೊಸದುರ್ಗ ಕಡೆಯ ಒಂದು ಸಂಘದಿಂದ ಒಂದು ಪ್ರಶ್ನೆ ಬಂತು. "ಸಿಸ್ಟರ್, ನಮ್ಮ ಸದಸ್ಯೆಯೊಬ್ಬರು ಬಂದೂಕು ತಗೊಳ್ಳೋಕೆ ಸಂಘದಿಂದ ಸಾಲ ಕೇಳ್ತಿದ್ದಾರೆ, ಹಂದಿ ಕಾಟಕ್ಕೆ ಅಂತ. ಕೊಡಬಹುದಾ? ನಡಾವಳಿ ಪುಸ್ತಕದಲ್ಲಿ ಏನಂತ ಬರೀಬೇಕು?" ಕೆಲವರು ನಕ್ಕುಬಿಟ್ಟಿರಿ. ಹಸುಗೆ ಸಾಲ ಕೊಟ್ಟಿದ್ದೀವಿ, ಹೊಲಿಗೆ ಯಂತ್ರಕ್ಕೆ ಕೊಟ್ಟಿದ್ದೀವಿ, ಮಗಳ ಕಾಲೇಜು ಫೀಸಿಗೆ ಕೊಟ್ಟಿದ್ದೀವಿ. ಬಂದೂಕಿಗೆ ಯಾರೂ ಕೇಳಿರಲಿಲ್ಲ. ಆದರೆ ಇದು ನಕ್ಕು ಬಿಡುವ ವಿಷಯ ಅಲ್ಲ. ಆ ತಾಯಿ ಸುಮ್ಮನೆ ಕೇಳಿದ್ದಲ್ಲ. ಸಂಘದ ಸಾಲ ತೆಗೆದು ಮೆಕ್ಕೆಜೋಳ ಹಾಕಿದ್ದರು. ತೆನೆ ಹಾಲು ತುಂಬುವ ಹೊತ್ತಿಗೆ ಹಂದಿ ಹಿಂಡು ಬಂದು ಒಂದೇ ರಾತ್ರಿಯಲ್ಲಿ ಮಲಗಿಸಿ ಹೋಯ್ತು. ಹಂದಿ ತಿಂದದ್ದು ಅವರ ಜೋಳ ಮಾತ್ರ ಅಲ್ಲ, ಹನ್ನೆರಡು ಹದಿನೈದು ಹೆಂಗಸರು ವಾರ ವಾರ ಕಟ್ಟಿದ ಉಳಿತಾಯವನ್ನೂ ತಿಂತು.

ಆ ದಿನವೇ ನಿಮ್ಮಲ್ಲಿ ಎರಡು ಪಕ್ಷ ಆಯ್ತು. "ನಮ್ಮ ಹೊಲ, ನಮ್ಮ ಜೀವ ಕಾಯೋದು ನಮ್ಮ ಹಕ್ಕು, ಬಂದೂಕು ಇಟ್ಕೊಂಡ್ರೆ ತಪ್ಪೇನು" ಅಂದರು ಒಂದಿಷ್ಟು ಜನ. "ಮಕ್ಕಳು ಮರಿ ಇರೋ ಮನೆಗೆ ಅದೊಂದು ಬೇಡವೇ ಬೇಡ" ಅಂದರು ಇನ್ನೊಂದಿಷ್ಟು ಜನ. ನೀವು ಅರ್ಧ ಗಂಟೆ ಆಡಿದ ಈ ಜಗಳವನ್ನೇ ಪ್ರಪಂಚದ ದೊಡ್ಡ ದೊಡ್ಡ ದೇಶಗಳು ನೂರಾರು ವರ್ಷದಿಂದ ಆಡ್ತಾ ಇವೆ. ಹಾಗಾಗಿ ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಹಕ್ಕಿನ ಮಾತು. ನಮ್ಮ ಸಂವಿಧಾನದ 19ನೇ ವಿಧಿಯಲ್ಲಿ ನಮಗೆಲ್ಲ ಸಭೆ ಸೇರುವ ಹಕ್ಕು ಕೊಟ್ಟಿದ್ದಾರೆ. ಇವತ್ತು ನಾವು ಇಲ್ಲಿ ಕೂತಿರುವುದೂ ಆ ಹಕ್ಕಿನಿಂದಲೇ. ಅದರ ಜೊತೆಗೆ ಒಂದು ಮಾತು ಸೇರಿಸಿದ್ದಾರೆ: ಶಾಂತಿಯಿಂದ ಸೇರಬೇಕು, ಆಯುಧ ಇಲ್ಲದೆ ಸೇರಬೇಕು. ಅಂದರೆ ನಮ್ಮ ಸಂವಿಧಾನದಲ್ಲಿ ಮಾತಿನ ಹಕ್ಕು ಉಂಟು, ಸಂಘ ಕಟ್ಟುವ ಹಕ್ಕು ಉಂಟು, ಬಂದೂಕಿನ ಹಕ್ಕು ಅಂತ ಒಂದು ಇಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರ ಪೀಠವೂ ಇದನ್ನೇ ಹೇಳಿತು. ಅಮೆರಿಕದ ಸಂವಿಧಾನದಲ್ಲಿ ಇರುವ ಹಾಗೆ ಆಯುಧ ಇಟ್ಟುಕೊಳ್ಳುವ ಮೂಲಭೂತ ಹಕ್ಕು ನಮ್ಮಲ್ಲಿ ಇಲ್ಲ, ಕಾನೂನು ಅನುಮತಿ ಕೊಟ್ಟರೆ ಮಾತ್ರ ಇಟ್ಟುಕೊಳ್ಳಬಹುದು ಅಂತ.

ಹಾಗಂತ ನಮ್ಮ ಹಿರಿಯರು ಇದನ್ನು ಯೋಚನೆ ಮಾಡಲೇ ಇಲ್ಲ ಅಂದುಕೊಳ್ಳಬೇಡಿ. ಬ್ರಿಟಿಷರು 1878ರಲ್ಲಿ ಆಯುಧ ಕಾಯ್ದೆ ತಂದು ನಮ್ಮ ಜನ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಬಾರದು ಅಂದರು. ಅದು ನಮ್ಮವರಿಗೆ ದೊಡ್ಡ ಅವಮಾನವಾಗಿ ಕಂಡಿತು. ಅಹಿಂಸೆಯ ಗಾಂಧೀಜಿಯವರೇ 1930ರಲ್ಲಿ ವೈಸ್‌ರಾಯರ ಮುಂದೆ ಇಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಬೇಕು ಅನ್ನುವುದೂ ಒಂದು. ಉಪ್ಪಿನ ತೆರಿಗೆ ಮಾತ್ರ ನಮಗೆ ನೆನಪಿದೆ, ಇದು ಮರೆತುಹೋಗಿದೆ. 1931ರ ಕರಾಚಿ ಕಾಂಗ್ರೆಸ್ಸಿನ ಹಕ್ಕುಗಳ ಪಟ್ಟಿಯಲ್ಲೂ ಅದು ಇತ್ತು. ಸ್ವಾತಂತ್ರ್ಯ ಬಂದು ಸಂವಿಧಾನ ಬರೆಯುವಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು 1948ರ ಡಿಸೆಂಬರಿನಲ್ಲಿ ಎದ್ದು ನಿಂತು, ಈ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿ ಅಂತ ಕೇಳಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಂಡು ತರುವ ಹಾಗಾದರೆ ಸರ್ಕಾರ ಆಡಳಿತ ನಡೆಸುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಆ ಸಭೆಯಲ್ಲಿ ಆದ ತೀರ್ಮಾನವೇ ಇವತ್ತಿಗೂ ನಡೀತಾ ಇದೆ.

ಆಯುಧ ಕಿತ್ತುಕೊಂಡರೆ ಜನಕ್ಕೆ ಹೇಗಿರುತ್ತದೆ ಅನ್ನುವುದನ್ನು ನಮ್ಮ ನಾಡಿನ ಒಂದು ಊರು ಚೆನ್ನಾಗಿ ಕಂಡಿದೆ. ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ ಮುಧೋಳದ ಹತ್ತಿರ ಹಲಗಲಿ ಅಂತ ಊರು. 1857ರಲ್ಲಿ ಸಿಪಾಯಿ ದಂಗೆ ಆದ ಮೇಲೆ ಬ್ರಿಟಿಷರಿಗೆ ಭಯ ಹತ್ತಿ, ಎಲ್ಲರೂ ತಮ್ಮ ಆಯುಧ ತಂದು ಒಪ್ಪಿಸಬೇಕು ಅಂತ ನಿಶ್ಶಸ್ತ್ರೀಕರಣದ ಕಾಯ್ದೆ ತಂದರು. ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಕಾವಲು, ಅನ್ನ, ಮಾನ ಎಲ್ಲವೂ. ನಮ್ಮ ನಾಯಕ ಸಮಾಜದ ಅಕ್ಕಂದಿರಿಗೆ ನಾವು ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಡಗ, ಬಾಲ, ಹನುಮ, ರಾಮ ಇವರ ಮುಂದಾಳತ್ವದಲ್ಲಿ ಊರಿನವರು ಕೊಡುವುದಿಲ್ಲ ಅಂತ ನಿಂತರು. ನವೆಂಬರ್ ಕೊನೆಗೆ ಸೈನ್ಯ ಬಂತು. ಊರಿಗೆ ಬೆಂಕಿ ಹಚ್ಚಿದರು, ಬಹಳ ಜನ ಸತ್ತರು, ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೆ ಹಾಕಿದರು. ಅವರ ಮೇಲೆ ಕಟ್ಟಿದ ಲಾವಣಿಯನ್ನು ಶಾಲೆಯಲ್ಲಿ ನಿಮ್ಮ ಮಕ್ಕಳು ಓದಿರಬಹುದು. ಆ ಬೆಂಕಿಯಲ್ಲಿ ಹೆಂಗಸರು ಮಕ್ಕಳು ಏನಾದರು ಅಂತ ಯಾರೂ ಅಷ್ಟು ಕೇಳುವುದಿಲ್ಲ. ನಾವು ಪ್ರತಿ ಸಲ ಈ ಕಥೆ ಕೇಳಿದಾಗಲೂ ಅದನ್ನೇ ಯೋಚಿಸುತ್ತೇವೆ.

ಇನ್ನೊಂದು ಕಡೆ ಕೊಡಗು ನೋಡಿ. ಹಲಗಲಿ ಸುಟ್ಟು ನಾಲ್ಕು ವರ್ಷ ಆಗಿರಲಿಲ್ಲ, 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರೇ ಕೊಡವರನ್ನು ಆ ಆಯುಧ ಕಾಯ್ದೆಯಿಂದ ಹೊರಗಿಟ್ಟರು. ಯಾಕೆ? ಬ್ರಿಟಿಷರಿಗೆ ನಿಷ್ಠರಾಗಿದ್ದರು ಅಂತ. ಅದೇ ಸರ್ಕಾರ, ಅದೇ ಬಂದೂಕು. ಒಬ್ಬರಿಗೆ ಗಲ್ಲು, ಇನ್ನೊಬ್ಬರಿಗೆ ಮರ್ಯಾದೆ. ಕಾನೂನು ಯಾರ ಕಡೆ ನಿಂತು ಮಾತಾಡ್ತದೆ ಅಂತ ನೋಡಬೇಕಾಗ್ತದೆ ಅಮ್ಮಾ, ಬರೀ ಅದರ ಅಕ್ಷರ ನೋಡಿದರೆ ಸಾಲದು.

ಆ ವಿನಾಯಿತಿ ಇವತ್ತಿಗೂ ಇದೆ. ಕೊಡವರು ಮತ್ತು ಜಮ್ಮಾ ಭೂಮಿ ಉಳ್ಳವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ, ಅಂದರೆ 2029ರವರೆಗೆ ಮುಂದುವರಿಸಿತು. ಒಂದು ಸಮುದಾಯಕ್ಕೆ ಮಾತ್ರ ಯಾಕೆ ಅಂತ ಕೋರ್ಟಿಗೆ ಹೋದಾಗ, 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟ್ ಆ ವಿನಾಯಿತಿ ಸರಿ ಅಂತ ಎತ್ತಿ ಹಿಡಿಯಿತು. ಅಲ್ಲಿ ಕೋವಿ ಅಂದರೆ ಪೂಜೆಯ ವಸ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸ್ತಾರೆ, ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸ್ತಾರೆ, ಸಾವಾದರೂ ಗುಂಡು ಹಾರಿಸಿ ಊರಿಗೆ ತಿಳಿಸ್ತಾರೆ. ಹೆಂಗಸರೂ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯಕ್ಕೆ ನಿಲ್ತಾರೆ. ಅದನ್ನು ನಾವು ಹೀಯಾಳಿಸುವುದಿಲ್ಲ. ಹಿರಿಯರಿಂದ ಕಲಿತ ಶಿಸ್ತು ಅಲ್ಲಿ ಇದೆ. ಆದರೆ ಹೆಣ್ಣು ಮಗು ಹುಟ್ಟಿದಾಗ ಯಾಕೆ ಗುಂಡು ಹಾರುವುದಿಲ್ಲ ಅಂತ ಕೇಳುವ ಆಸೆ ನಮಗಂತೂ ಆಗ್ತದೆ.

ಈಗ ಅಮೆರಿಕ. ಅಲ್ಲಿ 1791ರಿಂದ ಬಂದೂಕು ಸಂವಿಧಾನದ ಹಕ್ಕು. ಮನೆಯಲ್ಲಿ ಆತ್ಮರಕ್ಷಣೆಗೆ ಇಟ್ಟುಕೊಳ್ಳುವುದು ಒಬ್ಬೊಬ್ಬನ ಹಕ್ಕು ಅಂತ 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಜನರಿಗಿಂತ ಬಂದೂಕುಗಳೇ ಜಾಸ್ತಿ ಇರುವ ದೇಶ ಅದು. 2012ರಲ್ಲಿ ಸ್ಯಾಂಡಿ ಹುಕ್ ಅನ್ನುವ ಶಾಲೆಯಲ್ಲಿ ಒಬ್ಬ ಯುವಕ 20 ಪುಟ್ಟ ಮಕ್ಕಳನ್ನೂ 6 ಜನ ಸಿಬ್ಬಂದಿಯನ್ನೂ ಕೊಂದ. ಅವರು ನಮ್ಮ ಒಂದನೇ ತರಗತಿ ಮಕ್ಕಳ ವಯಸ್ಸಿನವರು. 2022ರಲ್ಲಿ ಉವಾಲ್ಡೆ ಅನ್ನುವ ಊರಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು. ಪ್ರತಿ ಸಲ ಅಳ್ತಾರೆ, ಮೇಣದ ಬತ್ತಿ ಹಚ್ತಾರೆ, ಕಾನೂನು ಮಾಡೋಣ ಅಂದರೆ ಹಕ್ಕು ಅಡ್ಡ ಬರ್ತದೆ. ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ 35 ಜನರನ್ನು ಕೊಂದ ಮೇಲೆ ಸರ್ಕಾರ ಕಾನೂನು ಬಿಗಿ ಮಾಡಿ, ದುಡ್ಡು ಕೊಟ್ಟು ಆರೂವರೆ ಲಕ್ಷದಷ್ಟು ಬಂದೂಕುಗಳನ್ನು ವಾಪಸ್ ತಗೊಂಡು ನಾಶ ಮಾಡಿತು.

ಅಮೆರಿಕದ ಲೆಕ್ಕದಲ್ಲಿ ನೀವು ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆ ಇದೆ. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48 ಸಾವಿರಕ್ಕೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕಳ್ಳನ ಕೈಯಲ್ಲಿ ಸತ್ತವರಲ್ಲ, ಕೊಲೆಗಾರನ ಕೈಯಲ್ಲೂ ಅಲ್ಲ, ತಮ್ಮನ್ನು ತಾವೇ ಕೊಂದುಕೊಂಡವರು. ಈ ಮಾತು ನಮ್ಮ ಜಿಲ್ಲೆಗೆ ದೂರದ್ದಲ್ಲ. ಮಳೆ ಕೈಕೊಟ್ಟ ವರ್ಷ, ಬೋರ್‌ವೆಲ್ ಬತ್ತಿದ ವರ್ಷ, ಕೈಸಾಲ ಏರಿದ ವರ್ಷ ನಮ್ಮ ಹಳ್ಳಿಗಳಲ್ಲಿ ಏನಾಗಿದೆ ಅಂತ ನಿಮಗೆ ಗೊತ್ತು. ನಮ್ಮ ಕೆಲಸದಲ್ಲಿ ಎಷ್ಟು ಮನೆಗೆ ಹೋಗಿ ಸುಮ್ಮನೆ ಪಕ್ಕದಲ್ಲಿ ಕೂತು ಬಂದಿದ್ದೇವೆ. ಆ ಮನೆಯವರು ಹೇಳುವುದು ಹೆಚ್ಚುಕಮ್ಮಿ ಒಂದೇ: "ಆ ಒಂದು ಗಳಿಗೆ ದಾಟಿದ್ರೆ ಉಳೀತಿದ್ರು ಸಿಸ್ಟರ್." ಆ ಕೆಟ್ಟ ಗಳಿಗೆಯಲ್ಲಿ ಕೈಗೆ ಏನು ಸಿಗ್ತದೆ ಅನ್ನುವುದರ ಮೇಲೆ ಜೀವ ನಿಂತಿರ್ತದೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದಾಗ ಆತ್ಮಹತ್ಯೆಗಳು ಬಹಳ ಇಳಿದವು. ಅಲ್ಲಿನವರ ಕಷ್ಟ ತೀರಿದ್ದರಿಂದ ಅಲ್ಲ, ಕೈಗೆ ಸುಲಭವಾಗಿ ಸಿಗದ ಹಾಗೆ ಆದದ್ದರಿಂದ. ಔಷಧಿ ಬಾಟಲಿಯನ್ನು ಬೀಗ ಹಾಕಿದ ಡಬ್ಬಿಯಲ್ಲಿ ಇಡಿ ಅಂತ ನಾವು ಸಭೆಯಲ್ಲಿ ಪದೇ ಪದೇ ಹೇಳುವುದು ಇದಕ್ಕೇ. ಈಗ ಅದೇ ಮನೆಗೆ, ಅದೇ ಗಳಿಗೆಗೆ ಒಂದು ತುಂಬಿದ ಬಂದೂಕು ಸೇರಿಸಿ ನೋಡಿ. ವಿಷ ಕುಡಿದವರನ್ನು ಆಟೋದಲ್ಲಿ ಹಾಕಿಕೊಂಡು ಓಡಿ ಉಳಿಸಿದ್ದು ಉಂಟು. ಇದರಲ್ಲಿ ಆ ಓಟಕ್ಕೂ ಅವಕಾಶ ಇರುವುದಿಲ್ಲ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, "ನಾನಿದ್ದು ಏನು ಉಪಯೋಗ" ಅನ್ನುವ ಮಾತು ಆಡ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸೇವೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಇನ್ನು ನಾವು ಹೇಳಲೇಬೇಕಾದ ಒಂದು ಮನೆಯ ವಿಷಯ. ಊರು ಹೇಳುವುದಿಲ್ಲ, ತಾಲ್ಲೂಕೂ ಹೇಳುವುದಿಲ್ಲ. ಆ ಮನೆಯಲ್ಲಿ ಮಾವನ ಹೆಸರಿನಲ್ಲಿ ಒಂದು ಲೈಸೆನ್ಸ್ ಬಂದೂಕು, ನಡುಮನೆಯ ಗೋಡೆಗೆ ನೇತುಹಾಕಿದ್ದು. ಅದರಿಂದ ಯಾರಿಗೂ ಏನೂ ಆಗಿಲ್ಲ, ಒಂದು ಗುಂಡೂ ಹಾರಿಲ್ಲ. ಆದರೆ ಮಗ ಕುಡಿದು ಬಂದ ದಿನ ಅದನ್ನು ಕೆಳಗಿಳಿಸ್ತಾನೆ. ಬಾಗಿಲಿಗೆ ಅಡ್ಡ ಕೂತು ಎಣ್ಣೆ ಬಟ್ಟೆಯಲ್ಲಿ ಒರೆಸ್ತಾನೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಒರೆಸ್ತಾನೆ ಅಷ್ಟೆ. ಆ ದಿನ ಸೊಸೆ ಕೂಲಿ ದುಡ್ಡು ಕೇಳುವುದಿಲ್ಲ, ಸಂಘದ ಕಂತು ಕೇಳುವುದಿಲ್ಲ, ಸಭೆಗೆ ಹೊರಡುವುದೂ ಇಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಗೈರು ಅಂತ ಬೀಳ್ತಾ ಹೋಯ್ತು. ಸಂಘದವರು ದಂಡ ಹಾಕಿದರು. ಕಾರಣ ಕೇಳಿದರೆ "ಮೈ ಹುಷಾರಿಲ್ಲ" ಅನ್ನುವುದು.

2024ರ ಲೋಕಸಭಾ ಚುನಾವಣೆ ಬಂತು. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ 26ಕ್ಕೆ ಮತದಾನ ಇತ್ತಲ್ಲ. ಚುನಾವಣೆ ಅಂದರೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು, ಎಲ್ಲ ಮುಗಿದ ಮೇಲೆ ವಾಪಸ್. (ಇದರ ಬಗ್ಗೆ ಮಲೆನಾಡಿನ ರೈತರು ಪ್ರತಿ ಚುನಾವಣೆಗೂ ತಕರಾರು ಮಾಡ್ತಾರೆ, ಬೆಳೆ ಕಾಯುವುದು ಹೇಗೆ ಅಂತ. ಅದೂ ನ್ಯಾಯವೇ.) ಮಾವ ಬಂದೂಕು ಕೊಟ್ಟು ಬಂದರು. ಗೋಡೆ ಖಾಲಿ ಇದ್ದ ಆ ದಿನಗಳಲ್ಲಿ ಆ ಹೆಣ್ಣುಮಗಳು ಒಂದೂ ಸಭೆ ತಪ್ಪಿಸಲಿಲ್ಲ. ಚುನಾವಣೆ ಮುಗೀತು, ಬಂದೂಕು ಮನೆಗೆ ಬಂತು, ಮತ್ತೆ ಗೈರು. ಹಾಜರಿ ಪುಸ್ತಕ ಬರೆಯುವ ಹುಡುಗಿಗೆ ಇದು ಹೊಳೆಯಿತು. ಆಮೇಲೆ ಸಂಘದ ನಾಲ್ಕು ಜನ ಹಿರಿಯ ಹೆಂಗಸರು ಹೋಗಿ ಮಾವನ ಹತ್ತಿರ ಕೂತು ಮಾತಾಡಿದರು. "ನಿನ್ ಹೆಸರಲ್ಲಿರೋ ಲೈಸೆನ್ಸು, ಬೇರೆಯವರ ಕೈಗೆ ಹೋದ್ರೆ ಕೇಸು ನಿನ್ ಮೇಲೆ ಬರ್ತದೆ ಮಾವಾ" ಅಂದರು. ಮುದುಕ ಬಹಳ ಹೊತ್ತು ಸುಮ್ಮನಿದ್ದು, ವಾರದೊಳಗೆ ಅದನ್ನು ಲೈಸೆನ್ಸ್ ಇರುವ ಅಂಗಡಿಯಲ್ಲಿ ಇಟ್ಟು ರಸೀದಿ ತಂದರು. ಮಗ ಈಗಲೂ ಕುಡಿಯುತ್ತಾನೆ. ದಂಡದ ದುಡ್ಡನ್ನು ಸಂಘದವರು ವಾಪಸ್ ಕೊಟ್ಟರು.

ಇದನ್ನು ಹೇಳಿದ್ದು ಯಾಕೆ ಅಂದರೆ, ಬಂದೂಕಿನ ಚರ್ಚೆ ಎಲ್ಲಿ ನಡೆದರೂ ಗಂಡಸರು ಕಳ್ಳನ ಮಾತು, ಶತ್ರುವಿನ ಮಾತು, ಹಂದಿ ಮಾತು ಆಡ್ತಾರೆ. ಅದೇ ಸೂರಿನ ಕೆಳಗೆ ಮಲಗುವ ಹೆಂಗಸನ್ನು ಕೇಳುವುದಿಲ್ಲ. ಕೆನಡಾ ದೇಶದಲ್ಲಿ ಬಂದೂಕಿನ ಲೈಸೆನ್ಸ್‌ಗೆ ಅರ್ಜಿ ಹಾಕಿದರೆ ಹೆಂಡತಿಯ ಸಹಿ ಕೇಳ್ತಾರೆ, ಇಲ್ಲದಿದ್ದರೆ ಸರ್ಕಾರವೇ ಆಕೆಗೆ ತಿಳಿಸ್ತದೆ. ಬಿಟ್ಟು ಹೋದ ಹೆಂಡತಿಗೂ ತಿಳಿಸ್ತದೆ. ನಮ್ಮಲ್ಲಿ ಪೊಲೀಸ್ ವರದಿ ಕೇಳ್ತಾರೆ, ವೈದ್ಯರ ಸರ್ಟಿಫಿಕೇಟ್ ಕೇಳ್ತಾರೆ, ಹೆಂಡತಿಯನ್ನು ಕೇಳಬೇಕು ಅಂತ ನಿಯಮ ಇಲ್ಲ. ಇರಬೇಕು ಅನ್ನುವುದು ನಮ್ಮ ಅಭಿಪ್ರಾಯ.

ನಿಯಮ ಇಲ್ಲ ಅಂತ ಸುಮ್ಮನಿರಬೇಕಾಗಿಲ್ಲ. ಇದನ್ನು ಬರೆದುಕೊಳ್ಳಿ. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು. ಕೊಟ್ಟ ಲೈಸೆನ್ಸನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರವೂ ಆಯುಧ ಕಾಯ್ದೆಯ 17ನೇ ಕಲಮಿನಲ್ಲಿ ಅವರಿಗಿದೆ. ಮನೆಯಲ್ಲಿ ಬಂದೂಕು ತೋರಿಸಿ ಹೆದರಿಸುತ್ತಿದ್ದಾರೆ ಅಂತ ನೀವು ಅವರಿಗೆ ಅರ್ಜಿ ಬರೆಯಬಹುದು. ಹಾಗೆಯೇ 2005ರ ಕೌಟುಂಬಿಕ ದೌರ್ಜನ್ಯದ ಕಾಯ್ದೆ. ಹೊಡೆದರೆ ಮಾತ್ರ ದೌರ್ಜನ್ಯ ಅಲ್ಲ, ಹೆದರಿಸುವುದೂ ದೌರ್ಜನ್ಯ. ನಮ್ಮ ರಾಜ್ಯದಲ್ಲಿ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ, ಅಂಗನವಾಡಿ ಟೀಚರ್‌ನ ಕೇಳಿದರೆ ಕಚೇರಿ ತೋರಿಸ್ತಾರೆ. ಮ್ಯಾಜಿಸ್ಟ್ರೇಟರು ಆದೇಶ ಮಾಡಿದರೆ, ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ಪೊಲೀಸರ ಸಹಾಯ ತಗೊಂಡು ವಶಪಡಿಸಿಕೊಳ್ಳುವುದು ಅದೇ ಸಂರಕ್ಷಣಾಧಿಕಾರಿಯ ಕೆಲಸ ಅಂತ ಆ ಕಾಯ್ದೆಯ ನಿಯಮದಲ್ಲೇ ಬರೆದಿದೆ. ಅಪಾಯ ಎದುರಿಗೇ ಇದ್ದರೆ 112, ಇಲ್ಲದಿದ್ದರೆ ಮಹಿಳಾ ಸಹಾಯವಾಣಿ 181.

ಲೈಸೆನ್ಸ್ ಇದ್ದದ್ದರ ಕಥೆ ಹೀಗಾದರೆ, ಇಲ್ಲದ್ದರ ಕಥೆ? ಕೆಲವು ಊರುಗಳಲ್ಲಿ ಅಟ್ಟದ ಮೇಲೆ ಗೋಣಿಚೀಲ ಸುತ್ತಿದ ನಾಡಬಂದೂಕು ಇರ್ತದೆ, ಅಜ್ಜನ ಕಾಲದ್ದು ಅಂತಾರೆ. ಅಜ್ಜನ ಕಾಲದ್ದಾದರೂ ಮೊಮ್ಮಗನ ಮೇಲೆ ಕೇಸು ಬೀಳ್ತದೆ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ ಎರಡು ವರ್ಷಕ್ಕೆ ಕಡಿಮೆ ಇಲ್ಲದ, ಐದು ವರ್ಷದವರೆಗಿನ ಜೈಲು. ತಯಾರು ಮಾಡಿದರೆ, ಮಾರಿದರೆ ಏಳು ವರ್ಷದಿಂದ ಜೀವಾವಧಿವರೆಗೆ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಅಂತ ಅಜಾಗರೂಕವಾಗಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಜೈಲಿಗೆ ಹೋಗುವವನು ಅವನು, ಜಾಮೀನಿಗೆ ಒಡವೆ ಅಡ ಇಡುವವಳು ನೀವು. 2015ರಲ್ಲಿ ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಕೊಂದದ್ದು ಇಂಥ ನಾಡ ಪಿಸ್ತೂಲಿನಿಂದ ಅಂತ ತನಿಖೆ ಹೇಳಿತು.

ಬಂದೂಕಿನ ಬದಲು ಹಂದಿಗೆ ಸಿಡಿಮದ್ದು ಇಡುವವರೂ ಇದ್ದಾರೆ. ಹಿಟ್ಟಿನ ಉಂಡೆಯಲ್ಲೋ ಹಣ್ಣಿನಲ್ಲೋ ಮದ್ದು ತುಂಬಿ ಹೊಲದ ಬದುವಿನಲ್ಲಿ ಇಡ್ತಾರೆ. ಮೇಯಲು ಹೋದ ಹಸುವಿನ ದವಡೆ ಸಿಡಿದು ಹೋಗ್ತದೆ. ಚೆಂಡು ಅಂತ ಎತ್ತಿಕೊಳ್ಳುವ ಮಗುವಿನ ಕೈ ಏನಾದೀತು? ಪೈಪಿನಲ್ಲಿ ಕಾರ್ಬೈಡ್ ಹಾಕಿ ಸಿಡಿಸುವ ಆಟದ ಗನ್ನು ಸಹ ಆಟ ಅಲ್ಲ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯ್ತು, ಕೆಲವರ ದೃಷ್ಟಿಯೇ ಹೋಯ್ತು. ಕಡಿಮೆ ಶಕ್ತಿಯ ಏರ್‌ಗನ್‌ಗೆ ಲೈಸೆನ್ಸ್ ಬೇಡ ಅಂತ ಜಾತ್ರೆಯಲ್ಲಿ ಕೊಂಡ ಬಲೂನಿನ ಹಾಗೆ ಮಕ್ಕಳ ಕೈಗೆ ಕೊಡಬೇಡಿ. ಹತ್ತಿರದಿಂದ ಬಡಿದರೆ ಅದೂ ಜೀವ ತೆಗೀತದೆ.

ಆ ದಿನ ಒಬ್ಬರು ಕೇಳಿದರು, "ಓಬವ್ವ ಒನಕೆ ಹಿಡೀಲಿಲ್ವಾ ಸಿಸ್ಟರ್, ನಾವ್ಯಾಕೆ ಬಂದೂಕು ಹಿಡೀಬಾರ್ದು?" ಒಳ್ಳೆ ಪ್ರಶ್ನೆ. ನಮ್ಮ ದುರ್ಗದ ಮಗಳು ಓಬವ್ವ. ಹೈದರನ ಸೈನಿಕರು ಕಿಂಡಿಯಲ್ಲಿ ನುಗ್ಗಿದಾಗ ಗಂಡ ಊಟಕ್ಕೆ ಕೂತಿದ್ದ, ಕೈಗೆ ಸಿಕ್ಕಿದ ಒನಕೆ ಹಿಡಿದು ನಿಂತಳು. ಅದೇ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳೂ ಇವೆ, ನೋಡಿರ್ತೀರಿ. ನಮ್ಮ ಮನೆ ಬೀಸುಕಲ್ಲಿನ ಹಾಗೇ, ಗಾತ್ರ ಮಾತ್ರ ಆನೆ ಗಾತ್ರ. ಅಷ್ಟು ಮದ್ದು ಬೀಸಿದ ಕೋಟೆ 1779ರಲ್ಲಿ ಹೈದರನ ಪಾಲಾಯ್ತು. ಊರಿನ ಬಾಯಲ್ಲಿ ಉಳಿದದ್ದು ಓಬವ್ವ. ಜೀವ ಕಾಪಾಡಿಕೊಳ್ಳಲು ತಿರುಗಿ ಬೀಳುವ ಹಕ್ಕನ್ನು ನಮ್ಮ ಕಾನೂನೂ ಒಪ್ತದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳು ಅದಕ್ಕೇ ಇವೆ. ಆ ಹಕ್ಕಿಗೆ ಲೈಸೆನ್ಸ್ ಬೇಡ. ಒನಕೆ ಆದೀತು, ಕುಡುಗೋಲು ಆದೀತು, ಖಾರದಪುಡಿ ಆದೀತು. ಅಪಾಯಕ್ಕೆ ತಕ್ಕಷ್ಟು ಮಾತ್ರ, ಅಷ್ಟೆ.

ತೋಟದ ಒಂಟಿ ಮನೆಯಲ್ಲಿ ಇರುವ ವಯಸ್ಸಾದ ಗಂಡ ಹೆಂಡತಿಯ ಭಯ ನಮಗೆ ಅರ್ಥ ಆಗ್ತದೆ. ಅಡಿಕೆ ಬೆಲೆ ಏರಿದಷ್ಟೂ ಕಳ್ಳರ ಭಯವೂ ಏರ್ತದೆ. ಅಂಥವರು ಕಾನೂನಿನ ದಾರಿಯಲ್ಲಿ ಲೈಸೆನ್ಸ್ ಕೇಳಿದರೆ ನಾವು ಪಾಪ ಅನ್ನುವುದಿಲ್ಲ. ಕೇಳುವ ಮುಂಚೆ ತಿಳಿದಿರಲಿ: 21 ವರ್ಷ ತುಂಬಿರಬೇಕು, ತರಬೇತಿ ಆಗಿರಬೇಕು, ಬೀಗ ಹಾಕುವ ಭದ್ರ ಜಾಗ ಇರಬೇಕು, ಐದು ವರ್ಷಕ್ಕೊಮ್ಮೆ ನವೀಕರಣ. ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಈಗ ಇಲ್ಲ, ಮೊದಲು ಮೂರು ಇತ್ತು. ರಾತ್ರಿ ಎರಡು ಗಂಟೆಗೆ ಕಳ್ಳ ಬಂದಾಗ ಬೀಗ ತೆಗೆದು, ತೋಟಾ ತುಂಬಿ, ಕತ್ತಲಲ್ಲಿ ಗುರಿ ಹಿಡಿಯುವ ಎಪ್ಪತ್ತರ ಯಜಮಾನರನ್ನು ನೆನೆಸಿಕೊಂಡು ನೀವೇ ತೀರ್ಮಾನ ಮಾಡಿ.

ಸರಿ, ಹಂದಿಗೆ ಬರೋಣ. ಬೆಳೆ ರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ, ನಳಿಕೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ. ಆದರೆ ಲೈಸೆನ್ಸ್ ಸಿಕ್ಕಿತು ಅಂದರೆ ಹಂದಿ ಹೊಡೆಯಲು ಅನುಮತಿ ಸಿಕ್ಕಿತು ಅಂತಲ್ಲ. ಹಂದಿ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ, ಕೊಲ್ಲಬೇಕಾದರೆ ಅರಣ್ಯ ಇಲಾಖೆಯ ಆದೇಶ ಬೇರೆಯೇ ಬೇಕು. ಗಾಳಿಗೆ ಹಾರಿಸಿ ಹೆದರಿಸಬಹುದು ಅಷ್ಟೆ. ಸದ್ದು ಮಾಡುವುದಕ್ಕೆ ಅಷ್ಟು ದುಡ್ಡಿನ ಬಂದೂಕು ಬೇಕಾ? ತಮಟೆ ಸಾಕಲ್ಲ ಅಂತ ಆ ಸಂಘದ ಒಬ್ಬ ಅಜ್ಜಿ ಅಂದದ್ದು ನಮಗೆ ಸರಿ ಅನ್ನಿಸಿತು.

ಹಾಗಾದರೆ ಸಾಲ ಕೊಡಬಹುದಾ? ಲೈಸೆನ್ಸ್ ಇರುವವರಿಗೆ ಕೊಡಬಾರದು ಅಂತ ಕಾನೂನು ಏನೂ ಹೇಳುವುದಿಲ್ಲ, ತೀರ್ಮಾನ ಸಂಘದ್ದು. ನಮ್ಮನ್ನು ಕೇಳಿದರೆ, ಕೊಡಬೇಡಿ. ಆದರೆ ಬೇಡ ಅಂತ ಠರಾವು ಬರೆದು ಎದ್ದು ಹೋದರೆ ಆ ತಾಯಿಯ ಹೊಲ ಯಾರು ಕಾಯ್ತಾರೆ? ಹನ್ನೆರಡು ಮನೆಯ ಉಳಿತಾಯ ಆ ಹೊಲದಲ್ಲಿದೆ ಅಂದ ಮೇಲೆ ಕಾವಲೂ ಹನ್ನೆರಡು ಮನೆಯದ್ದೇ. ನಮ್ಮ ಕಡೆ ಹಳೇ ಸೀರೆಗಳನ್ನು ಹೊಲದ ಸುತ್ತ ಬೇಲಿ ಹಾಗೆ ಕಟ್ಟುವುದು ನಿಮಗೆ ಗೊತ್ತೇ ಇದೆ, ಗಾಳಿಗೆ ಅದು ಬಡಿದಾಡಿದರೆ ಹಂದಿ ಬೆದರ್ತದೆ. ಕೆಲವು ದಿನ ಮಾತ್ರ, ಆಮೇಲೆ ಅದಕ್ಕೂ ಅಭ್ಯಾಸ ಆಗ್ತದೆ. ಅದಕ್ಕೇ ಜಾಗ ಬದಲಿಸುತ್ತಾ, ರಾತ್ರಿ ಅಟ್ಟಣೆ ಮೇಲೆ ಸರದಿ ಕಾವಲು ಹಾಕಬೇಕು. ಅಕ್ಕಪಕ್ಕದ ನಾಲ್ಕೈದು ಹೊಲದವರು ಸೇರಿ ಸೋಲಾರ್ ಬೇಲಿ ಹಾಕಿಸುತ್ತೀವಿ ಅಂದರೆ ಅದಕ್ಕೆ ಧಾರಾಳವಾಗಿ ಸಾಲ ಕೊಡಿ, ಅದು ಆಸ್ತಿ. ಕಂಬದಿಂದ ನೇರ ಕರೆಂಟ್ ಎಳೆದು ತಂತಿಗೆ ಬಿಡುವುದು ಮಾತ್ರ ಬೇಡ, ಬೆಳಿಗ್ಗೆ ಸಗಣಿ ಎತ್ತಲು ಹೋದ ನಿಮ್ಮವರೇ ಅದಕ್ಕೆ ಸಿಕ್ಕಿಬೀಳ್ತಾರೆ.

ಆಮೇಲೆ ಪರಿಹಾರ. ಕಾಡುಪ್ರಾಣಿಯಿಂದ ಬೆಳೆ ಹಾಳಾದರೆ ಅರಣ್ಯ ಇಲಾಖೆ ಪರಿಹಾರ ಕೊಡ್ತದೆ. ಬಹಳ ಜನ ಅರ್ಜಿಯನ್ನೇ ಹಾಕುವುದಿಲ್ಲ, "ಅಲೆದಾಡಿಸ್ತಾರೆ" ಅಂತ. ಅಲೆದಾಡಿಸ್ತಾರೆ ನಿಜ, ಅದಕ್ಕೇ ಒಬ್ಬರೇ ಹೋಗಬೇಡಿ. ಹಾಳಾದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆಸಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಇಟ್ಟು ವಲಯ ಅರಣ್ಯಾಧಿಕಾರಿ ಕಚೇರಿಗೆ ಸಂಘದ ಮೂರು ಜನ ಒಟ್ಟಿಗೆ ಹೋಗಿ, ಸ್ವೀಕೃತಿ ತಗೊಳ್ಳದೆ ಬಾಗಿಲು ಬಿಡಬೇಡಿ. ಪಹಣಿ ಗಂಡನ ಹೆಸರಿನಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಕಚೇರಿಯಲ್ಲಿ ಮಾತು ನೀವು ಆಡಿ. ಪರಿಹಾರ ಬರುವವರೆಗೆ ಆ ಸದಸ್ಯೆಯ ಕಂತನ್ನು ಮುಂದೂಡಬಹುದು, ಅದನ್ನು ನಡಾವಳಿಯಲ್ಲಿ ಬರೆಯಿರಿ.

ಊಟಕ್ಕೆ ಏಳುವ ಮುಂಚೆ ಹೊಸದುರ್ಗದ ಆ ಸಂಘದವರು ಒಂದು ನಿಮಿಷ ನಮ್ಮ ಹತ್ತಿರ ಬನ್ನಿ, ನಿಮ್ಮ ಅರ್ಜಿಯನ್ನು ಇಲ್ಲೇ ಕೂತು ಬರೆಯೋಣ. ಜಿಲ್ಲಾಧಿಕಾರಿಗೆ ಬರೆಯುವ ಕಾಗದದ ಮಾದರಿಯೂ ನಮ್ಮಲ್ಲಿದೆ. ಅದು ಯಾರಿಗೆ ಬೇಕೋ ಅವರು ಎಲ್ಲರ ಎದುರು ಕೇಳಬೇಕಾಗಿಲ್ಲ, ಅಡುಗೆಮನೆ ಕಡೆ ಬಂದು ಕೇಳಿ, ಕೊಡ್ತೀವಿ.